ಹಲಗೆ ಹಿಂದಿನ ಕಬ್ಬಿನ ಸಿಪ್ಪೆ

ವ್ಯಾನಿನ ಒಳಗೋಡೆಗೆ ಕೊನೆಯ ಹಲಗೆ ಕೂರಲೊಲ್ಲದು. ಹಿಂದೆ ತುಂಬಿದ್ದ ಕಬ್ಬಿನ ಸಿಪ್ಪೆ ಉಬ್ಬಿಕೊಂಡು ಅದನ್ನು ಹೊರಕ್ಕೆ ತಳ್ಳುತ್ತಿತ್ತು. ಶಫೀವುಲ್ಲಾ ಭುಜ ಕೊಟ್ಟು ಒತ್ತಿ ಹಿಡಿದು, ಬಾಯಲ್ಲಿ ಕಚ್ಚಿದ್ದ ಮೊಳೆ ತೆಗೆದು ಹೊಡೆದ.

ಆಲೆಮನೆಯ ಮರಿಸಿದ್ದಯ್ಯ ವ್ಯಾನಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಿಪ್ಪೆ ಕೊಟ್ಟವನು ಅವನೇ.

"ತೊಳ್ದು ತುಂಬಿ ಅಂದ್ನಲ್ಲಾ ಸಾಬ್ರೇ. ನಾಲೆ ಮಗ್ಗುಲಲ್ಲೇ ಅದೆ. ಇನ್ನೂವೆ ರಸ ಅದೆ ಅದ್ರಲ್ಲಿ."

"ತೊಳುದ್ರೆ ಒಣಗೋಕೆ ಎಂಟು ದಿನ ಬೇಕು. ನಾಳೆನೇ ಹೊಂಡಬೇಕು ಕಣಯ್ಯ. ಬಿಸಿಲಲ್ಲಿ ಹಾಕಿದ್ದೆ, ಸಾಕು ಬುಡು."

"ಅರವತ್ತಕ್ಕೆ ಮದ್ವೆ ಗಂಡಿನ ಅವಸರ ನೋಡು ಇವರ್ದು!" ಎಂದು ಮರಿಸಿದ್ದಯ್ಯ ನಕ್ಕ.

ಯುದ್ಧ ಮುಗಿದ ಮೇಲೆ ದಂಡಿನವರು ಬಿಟ್ಟುಹೋದ ಹಳೇ ವ್ಯಾನು ಅದು, ಶಫೀವುಲ್ಲಾ ಈಚೆಗೆ ಕೊಂಡದ್ದು. ಅಕ್ಕಿ ಗಿರಣಿಗಳ ಎಂಜಿನು ರಿಪೇರಿಗೆಂದು ಹಲಗೂರು, ಬೆಸಗರಹಳ್ಳಿ ಕಡೆ ಹೋದರೆ ಅವನು ಹದಿನೈದು ದಿನ ಮನೆ ಸೇರುತ್ತಿರಲಿಲ್ಲ. ಮೂವತ್ತು ವರ್ಷದಿಂದ ಹೀಗೇ. ಮಗಳು ತಾಹೇರಾ ಮದುವೆಯಾಗಿ ಮಳವಳ್ಳಿ ಸೇರಿದ ಮೇಲೆ ಹೆಂಡತಿ ಶರೀಫುನ್ನೀಸಾ ಮದ್ದೂರಿನ ಮನೆಯಲ್ಲಿ ಒಬ್ಬಳೇ. ವ್ಯಾನು ಕಂಡ ದಿನ ಅವಳು, "ನಾನೂ ಬರ್ತೀನಿ ಜೀ. ಆದ್ರೆ ಈ ತಗಡಿನ ಒಲೆಯೊಳಗೆ ನನ್ನ ಕೈಲಿ ಆಗಲ್ಲ" ಅಂದಿದ್ದಳು. ಬಿಸಿಲ ಕಾವು ಒಳಗೆ ಇಳಿಯದಿರಲೆಂದೇ ಈ ಹಲಗೆ, ಅದರ ಹಿಂದೆ ಈ ಸಿಪ್ಪೆ.

ಮಾರನೆಯ ದಿನ ಹಲಗೂರಿನ ಗಿರಣಿಯ ಮುಂದೆ ವ್ಯಾನು ನಿಂತಾಗ ನೆತ್ತಿ ಸುಡುವ ಹೊತ್ತು. ಶರೀಫುನ್ನೀಸಾ ಹಲಗೆಗೆ ಅಂಗೈ ಒತ್ತಿ ನೋಡಿದಳು.

"ತಣ್ಣಗಿದೆ ಜೀ!"

ಅವಳು ಚಾಪೆ ಬಿಡಿಸಿದಳು. ಶಫೀವುಲ್ಲಾ ಹುಡುಗನ ಹಾಗೆ ಗಿರಣಿಯ ಮೆಟ್ಟಿಲು ಹತ್ತಿ ಹೋದ.

ಕೈಗೆ ಮೆತ್ತಿದ ಎಣ್ಣೆ ಒರೆಸುತ್ತ ಅವನು ಈಚೆ ಬಂದಾಗ ಬಿಸಿಲು ಇಳಿದಿತ್ತು. ಶರೀಫುನ್ನೀಸಾ ಗಂಟು ಹಿಡಿದು ರಸ್ತೆಯ ಪಕ್ಕ ನಿಂತಿದ್ದಳು. ಕತ್ತು, ತೋಳಿನ ಮೇಲೆ ಕೆಂಪಗೆ ದದ್ದು ಎದ್ದಿದ್ದವು. ಒಳಗೆ ಹಲಗೆಯ ಒಂದೊಂದು ಸಂದಿಯಿಂದಲೂ ಕೆಂಪಿರುವೆ ಸಾಲುಗಟ್ಟಿ ಇಳಿದು ದಿಂಬಿನ ಮೇಲೆ ಹಾಯುತ್ತಿದ್ದವು.

"ಯಾ ಅಲ್ಲಾ! ಈಗಲೇ ಎಲ್ಲಾ ಕಿತ್ತು ಬಿಸಾಕ್ತೀನಿ. ತೆಂಗಿನ ನಾರು ತುಂಬ್ತೀನಿ. ಎರಡೇ ದಿನ, ತಾಹೇರಾನ ಅಮ್ಮಾ."

"ನಾನು ಮನೆಗೆ ಹೊರಟಿದ್ದು ಇರುವೆ ಕಚ್ಚಿದ್ದಕ್ಕಲ್ಲ ಜೀ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂರು ಸಲ ಕೂಗಿದೆ. ಎಂಜಿನ್ ಸದ್ದಲ್ಲಿ ನಿಮಗೆ ಕೇಳಿಸಲಿಲ್ಲ. ಇಲ್ಲೂ ನಾನು ಒಬ್ಬಳೇ ಅಲ್ವಾ? ಮದ್ದೂರಲ್ಲಾದ್ರೆ ಪಕ್ಕದ ಮನೆಯೋರಾದ್ರೂ ಓಗೊಡ್ತಾರೆ."

ಮದ್ದೂರಿನ ಬಸ್ಸು ಬಂತು. ಹತ್ತುವಾಗ ಅವಳು, "ಬುತ್ತಿ ಮುಂದಿನ ಸೀಟಲ್ಲಿಟ್ಟಿದ್ದೀನಿ, ಅಲ್ಲಿಗೆ ಇರುವೆ ಹತ್ತಿಲ್ಲ" ಅಂದಳು.

ಬಸ್ಸಿನ ಧೂಳು ಕೂತ ಮೇಲೆ ಅವನು ಮೊಳೆ ಮೀಟಿ ಒಂದೊಂದೇ ಹಲಗೆ ಬಿಚ್ಚಿದ. ಸಿಪ್ಪೆ ಹೊರಗೆ ರಾಶಿ ಬಿತ್ತು. ಯಾರದೋ ಎಮ್ಮೆಯೊಂದು ಬಂದು ಅದಕ್ಕೆ ಬಾಯಿ ಹಾಕಿತು. ಅವನು ಓಡಿಸಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಅದು ಮೆಲ್ಲುವ ಸದ್ದಿಗೆ ಕಿವಿ ಕೊಟ್ಟ.