ಹೊರಗಿನ ಕೈ

ಮೊದಲ ಏಟು ಬಿದ್ದದ್ದು ಕೊಳವೆಗೆ. ಕ್ರಿಸಾಂತಾ ಬೈಕಿನ ಎಂಜಿನ್ ಇನ್ನೂ ಆರಿಸಿರಲಿಲ್ಲ. ಗದ್ದೆಯ ನಡುವೆ ಸತುರ್ನೀನೋ ಆ ಕೊಳವೆಯನ್ನು ಕೋಳಿಯ ಕತ್ತು ಹಿಡಿದಂತೆ ಹಿಡಿದು ಕಿತ್ತ. ಬದುವಿನ ಕಲ್ಲಿಗೆ ಬಡಿದ. ಮೈತುಂಬ ತೂತು ಕೊರೆದ ಪ್ಲಾಸ್ಟಿಕ್ಕು ಬಾಗಿತೇ ಹೊರತು ಸೀಳಲಿಲ್ಲ. ಅದು ಸೀಳದ್ದಕ್ಕೇ ಅವನಿಗೆ ಇನ್ನಷ್ಟು ರೇಗಿತು.

"ಬಾ ಸರ್ಕಾರ, ಬಾ," ಎಂದ ಅವಳನ್ನು ಕಂಡು. "ನಿನ್ನ ಮಗು ಇಲ್ಲಿದೆ, ಎತ್ಕೊಂಡು ಹೋಗು."

ಎರಡನೆಯ ಏಟು ಬೀಳುವ ಮೊದಲೇ ಗದ್ದೆಯ ಯಜಮಾನ ಪ್ರಿಮಿತೀವೋ ಹಿಂದಿನಿಂದ ಬಂದು ಅವನ ಮೇಲೆ ಬಿದ್ದ. ಇಬ್ಬರೂ ತೆನೆ ಹಾಯ್ದ ಪೈರಿನ ಮೇಲೆ ಉರುಳಿದರು. ಬಿರುಕು ಬಿಟ್ಟ ನೆಲ ಕಲ್ಲಿನಷ್ಟು ಗಟ್ಟಿಯಾಗಿತ್ತು; ತಲೆ ತಾಗಿದ ಸದ್ದು ಬದುವಿನವರೆಗೂ ಕೇಳಿಸಿತು. ಸತುರ್ನೀನೋ ಮೇಲೆ ಬಂದು ಮೊಣಕೈಯನ್ನು ಎದುರಾಳಿಯ ಗಂಟಲಿಗೆ ಒತ್ತಿದ. ಪ್ರಿಮಿತೀವೋನ ಕಣ್ಣುಗಳು ಹೊರಗೆ ಬಂದವು. ಕೈಗೆ ಏನೂ ಸಿಗದೆ ಅವನು ಬಾಯಿಗೆ ಸಿಕ್ಕ ಕಿವಿಯನ್ನು ಕಚ್ಚಿದ. ಬಿಡಲಿಲ್ಲ. ಬಿಡಿಸಿಕೊಂಡಾಗ ಸತುರ್ನೀನೋನ ಅರ್ಧ ಕಿವಿ ಜೋತಾಡುತ್ತಿತ್ತು.

ಕಾಲುವೆಯ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ ಮುದುಕ ಗೌದೆನ್ಸಿಯೋ ಚುಟ್ಟಾವನ್ನು ಬಾಯಿಂದ ತೆಗೆದ. ಈ ಕಾಲುವೆಗೆ ಅವನೇ ಯಜಮಾನ. ಯಾರ ಗದ್ದೆಗೆ ಯಾವಾಗ ನೀರು ಎಂಬುದಕ್ಕೆ ಅವನದೇ ಕೊನೆಯ ಮಾತು. ಎಲ್ಲರೂ ಅವನನ್ನು ಗೌರವದಿಂದ ಅಪೋ ಎನ್ನುತ್ತಿದ್ದರು.

"ತೆನೆ ಮೇಲೆ ಹೊರಳಾಡ್ಬೇಡಿ," ಎಂದ. "ಹೊಡೆದಾಡೋದಾದ್ರೆ ಬದುವಿನ ಮೇಲೆ ಬನ್ನಿ."

ಇಬ್ಬರೂ ಎದ್ದು, ನಿಜವಾಗಿಯೂ, ಬದುವಿನ ಮೇಲೆ ಬಂದರು. ಕ್ರಿಸಾಂತಾಳಿಗೆ ನಗು ಬಂತು. ಆ ನಗುವಿಗೆ ಅವಳೇ ಹೆದರಿದಳು.

ಬೆಳಿಗ್ಗೆ ಪ್ರಿಮಿತೀವೋ ಫೋನು ಮಾಡಿ ಹೇಳಿದ್ದು ಇಷ್ಟೇ: "ತೆನೆ ಹೊರಗೆ ಬಂದಿದೆ, ನೀರಿಲ್ಲ. ಬೇಗ ಬಾ." ಅವಳು ಕೃಷಿ ಕಚೇರಿಯವಳು. ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಳಗಿನ ಮಣ್ಣು ಕೊಳೆತು ಗಾಳಿ ಬಿಡುತ್ತದೆ, ಆ ಗಾಳಿ ಆಕಾಶವನ್ನು ಕಾಯಿಸುತ್ತದೆ. ಆದ್ದರಿಂದ ನಡುನಡುವೆ ಒಣಗಲು ಬಿಡಬೇಕು. ಗದ್ದೆಯಲ್ಲಿ ಹುಗಿದ ಕೊಳವೆಯೊಳಗೆ ಇಣುಕಿ, ನೀರು ನೆಲದಿಂದ ಒಂದು ಗೇಣು ಕೆಳಗೆ ಇಳಿದಾಗ ಮಾತ್ರ ಹಾಯಿಸಬೇಕು. ಇದನ್ನು ಊರೂರಿಗೆ ಹೇಳಿ, ಪುಕ್ಕಟೆ ಕೊಳವೆ ಕೊಟ್ಟು, ಜೊತೆಗಿದ್ದು ಕಲಿಸುವುದು ಅವಳ ಕೆಲಸ. ಸಭೆಯಲ್ಲಿ ಅವಳು ಇದನ್ನು ಹೇಳಿದ ದಿನ ಸತುರ್ನೀನೋ ಎದ್ದು ನಿಂತು, "ಹಾಗಾದ್ರೆ ನನ್ನ ಗದ್ದೆ ಹೂಸು ಬಿಟ್ಟಿದ್ದಕ್ಕೆ ಆಕಾಶ ಬಿಸಿಯಾಯ್ತಾ? ನಮ್ಮಜ್ಜಿ ಇದ್ದಿದ್ರೆ ಸೂರ್ಯನೇ ಕರಗೋನು," ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ. ಕೊಳವೆ ಬೇಕು ಎಂದು ಕೈ ಎತ್ತಿದವನು ಪ್ರಿಮಿತೀವೋ ಒಬ್ಬನೇ.

ಅವಳಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅವಳು ಹುಟ್ಟಿದ ಕಡೆ ನೀರು ಪಂಪಿನಿಂದ ಬರುತ್ತದೆ. ಗುಂಡಿ ಒತ್ತಿದವನೇ ಯಜಮಾನ. ಈ ಕಾಲುವೆಯಲ್ಲಿ ಹಾಗಲ್ಲ. ಸರದಿ ಬಂದಾಗ ನೀರು ತೆಗೆದುಕೊಳ್ಳದೆ ನೆಲ ಬಿರಿಯಲು ಬಿಟ್ಟರೆ ಅದು ಬಿಟ್ಟ ಗದ್ದೆ. ಕೆಳಗಿನ ಗದ್ದೆಯವನು ಬಂದು ಅದರ ತೂಬಿಗೆ ಹಲಗೆ ಇಟ್ಟು, ಬಿದಿರಿನ ಗೂಟ ಹೊಡೆಯಬಹುದು. ಹೊಡೆದ ಮೇಲೆ ಸುಗ್ಗಿಯವರೆಗೆ ಆ ಸರದಿ ಅವನದು. ಕಾಲುವೆಯವರಲ್ಲಿ, ಅಂದರೆ ಇದರ ನೀರು ಉಣ್ಣುವವರಲ್ಲಿ, ಬೇರೆ ಯಾವನಾದರೂ ಆ ಗೂಟ ಮುಟ್ಟಿದರೆ ಅವನ ಗದ್ದೆಗೆ ಮೊಮ್ಮಕ್ಕಳ ಕಾಲಕ್ಕೂ ನೀರಿಲ್ಲ. ಕೆಳಗಿನ ಗದ್ದೆ ಸತುರ್ನೀನೋನದು. ಅವನು ಗೂಟ ಹೊಡೆದಿದ್ದ. ಹೆಚ್ಚಾಗಿ ಸಿಕ್ಕ ನೀರನ್ನು ನಂಬಿ ಪಾಳು ಬಿದ್ದಿದ್ದ ತುಂಡು ನೆಲದಲ್ಲೂ ಸಸಿ ನೆಟ್ಟಿದ್ದ.

"ನಿಂಗೆ ಈ ಕಟ್ಟಳೆ ಗೊತ್ತಿತ್ತಲ್ಲ ಮನೋಂಗ್," ಎಂದಳು ಪ್ರಿಮಿತೀವೋಗೆ, ಅಣ್ಣನನ್ನು ಕರೆಯುವ ಮಾತಿನಲ್ಲಿ. "ನಂಗ್ಯಾಕೆ ಹೇಳ್ಲಿಲ್ಲ?"

ಅವನು ಬಾಯಲ್ಲಿದ್ದ ರಕ್ತ ಉಗಿದ. ಅದು ತನ್ನದಲ್ಲ ಎಂದು ನೆನಪಾಗಿ ಮತ್ತೊಮ್ಮೆ ಉಗಿದ. "ಗದ್ದೆ ಮಧ್ಯೆ ಸರ್ಕಾರದ ಕೊಳವೆ ನಿಂತಿದೆ. ಅದನ್ನ ನೋಡಿಯೂ ಬಿಟ್ಟ ಗದ್ದೆ ಅಂತ ಯಾವನಾದ್ರೂ ಅಂತಾನಾ ಅಂದ್ಕೊಂಡೆ, ಅದಿಂಗ್," ಎಂದ, ತಂಗಿಯನ್ನು ಕರೆದಂತೆ.

"ನಾನಂದೆ," ಎಂದ ಸತುರ್ನೀನೋ. ಕಿವಿಯನ್ನು ಅಂಗೈಯಿಂದ ತಲೆಗೆ ಒತ್ತಿ ಹಿಡಿದಿದ್ದ. ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿದು ತೊಟ್ಟಿಕ್ಕುತ್ತಿತ್ತು. "ಬಿರುಕಿನಲ್ಲಿ ನನ್ನ ಕೈ ಹೋಗ್ತಿತ್ತು. ಕೈ ಹೋಗೋ ಬಿರುಕು ಇದ್ರೆ ಅದು ಬಿಟ್ಟ ಗದ್ದೆ. ಅಪೋನ ಕೇಳು."

ಅಪೋ ಹೌದೆಂದು ತಲೆಯಾಡಿಸಿದ.

ಕ್ರಿಸಾಂತಾ ಒಂದು ತೆನೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಹೂ ಬಿರಿಯುತ್ತಿತ್ತು. ಒಣಗಿಸುವ ಪಾಠದಲ್ಲಿ ಅವಳು ಎಲ್ಲಕ್ಕಿಂತ ಒತ್ತಿ ಹೇಳುತ್ತಿದ್ದ ಮಾತು ಇದೇ: ಹೂ ಬಿಟ್ಟಾಗ ಮಾತ್ರ ನೀರು ತಪ್ಪಬಾರದು. ಇವತ್ತು ನೀರು ಬರದಿದ್ದರೆ ಈ ಗದ್ದೆಯಲ್ಲಿ ನಿಲ್ಲುವುದು ಬರೀ ಜೊಳ್ಳು. ಪ್ರಿಮಿತೀವೋಗೆ ಬೇರೆ ಗದ್ದೆಯಿರಲಿಲ್ಲ.

"ಮನೋಂಗ್ ಸತುರ್ನೀನೋ, ನಿನ್ನ ಸಸಿ ಎಳೇವು. ವಾರ ತಡೀತವೆ. ಇದು ನಾಳೆಗೂ ತಡೆಯಲ್ಲ. ಇವತ್ತೊಂದು ದಿನ ಗೂಟ ತೆಗಿ. ನಾಳೆ ನೀನೇ ಹೊಡಿ."

"ನೀನು ಹೇಳಿದ್ದನ್ನ ಕೇಳಿ ಕೆಟ್ಟವನು ಇಲ್ಲೇ ನಿಂತಿದಾನಲ್ಲ, ಸರ್ಕಾರ. ಇನ್ನೊಬ್ಬ ಬೇಕಾ ನಿಂಗೆ?"

"ಅಪೋ, ನೀವಾದ್ರೂ ಹೇಳಿ."

"ಗೂಟ ನಂದಲ್ಲ ಮಗಳೇ," ಎಂದ ಮುದುಕ. "ನಾನು ಮುಟ್ಟಿದ್ರೆ ನನ್ನ ಗದ್ದೆಗೂ ಅದೇ ಗತಿ."

ಆಗ ಪ್ರಿಮಿತೀವೋ ಅವಳ ಹತ್ತಿರ ಬಂದ. ಸೊಂಟದ ಮರದ ಒರೆಯಿಂದ ಮಚ್ಚನ್ನು ಎಳೆದ. ಸತುರ್ನೀನೋ ನೆಲದ ಮೇಲಿದ್ದ ಸಲಿಕೆಗೆ ಬಗ್ಗಿದ. ಪ್ರಿಮಿತೀವೋ ಅವನತ್ತ ತಿರುಗಲೇ ಇಲ್ಲ. ಮಚ್ಚನ್ನು ತಿರುಗಿಸಿ, ಅಲಗನ್ನು ತಾನು ಹಿಡಿದು, ಹಿಡಿಯನ್ನು ಅವಳ ಕಡೆ ಚಾಚಿದ.

ಅವಳು ಹಿಡಿಯನ್ನೂ ಅವನ ಮುಖವನ್ನೂ ನೋಡಿದಳು. ಬೆಳಗಿನ ಫೋನಿನಲ್ಲಿ ಅವನು ಏನು ಮಾಡಬೇಕೆಂದು ಕೇಳಿರಲಿಲ್ಲ. ಯಾವ ಗೊಬ್ಬರ, ಯಾವ ಔಷಧಿ ಎಂದೂ ಕೇಳಿರಲಿಲ್ಲ. ಬೇಗ ಬಾ ಎಂದಷ್ಟೇ. ಅವನಿಗೆ ಬೇಕಾಗಿದ್ದದ್ದು ಅವಳ ವಿದ್ಯೆಯಲ್ಲ. ಕಾಲುವೆಗೆ ಸೇರದ ಒಂದು ಕೈ.

ಮುಖಕ್ಕೆ ಹೊಡೆದಂತಾಯಿತು. ಆದರೂ ಆ ಬಿರುಕುಗಳು ಅವಳವೇ. ಅವಳು ಬಾಯಿಬಿಟ್ಟು ಹೇಳಿ ಬಿಡಿಸಿದ ಬಿರುಕುಗಳು.

ಮಚ್ಚು ಹಿಡಿದು ಓಡಿದಳು. ತೂಬಿನ ಬಾಯಿಗೆ ಅಡ್ಡವಾಗಿ ಹಲಗೆ, ಅದನ್ನು ತಡೆದು ಹಸಿ ಬಿದಿರಿನ ಗೂಟಗಳು. ಮೊದಲನೆಯದು ಒಂದೇ ಏಟಿಗೆ ಹೋಯಿತು. ಎರಡನೆಯದಕ್ಕೆ ಮಚ್ಚು ಸಿಕ್ಕಿಕೊಂಡಿತು. ಅದನ್ನು ಅಲುಗಿಸಿ ಕೀಳುವಾಗ ಸಲಿಕೆಯ ಕಾವು ಅವಳ ಬೆನ್ನಿಗೆ ಬಿತ್ತು. ಉಸಿರು ನಿಂತಿತು. ಮತ್ತೆ ಕಡಿದಳು. ಗೂಟ ಮುರಿದು, ಹಲಗೆ ಅಡಿಮೇಲಾಗಿ, ನೀರು ಕಟ್ಟಿಹಾಕಿದ ಎಮ್ಮೆ ಹಗ್ಗ ಹರಿದುಕೊಂಡಂತೆ ನುಗ್ಗಿತು.

"ಹಲಗೆ ಬಿಡು," ಎಂದ ಸತುರ್ನೀನೋ.

ಅವಳು ಹಲಗೆಯನ್ನು ಕೆಳಗೆ ಹಾಕಿ ಅದರ ಮೇಲೆ ಕೂತಳು. ತೂಬಿನ ಒಂದು ಗೋಡೆಗೆ ಬೆನ್ನು, ಇನ್ನೊಂದಕ್ಕೆ ಕಾಲು. ನೀರು ತೊಡೆಯ ಮೇಲಿನಿಂದ ಹರಿಯಿತು. ಅವನು ಕೂದಲು ಹಿಡಿದು ಎಳೆದ. ಅವಳು ಮಚ್ಚು ಎತ್ತಿದಳು. ಅವನು ಸಲಿಕೆಯ ಕಾವಿನಿಂದ ಅವಳ ಮುಂಗೈಗೆ ಹೊಡೆದ. ಒಳಗೆ ಏನೋ ಒಣಕಡ್ಡಿಯಂತೆ ಲಟಕ್ಕೆಂದಿತು. ಮಚ್ಚು ನೀರಿಗೆ ಬಿತ್ತು. ಕೈ ಮೊಣಕೈಯ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಅವಳು ಕಿರುಚಿದಳು, ಕಾಲು ತೆಗೆಯಲಿಲ್ಲ.

"ಅಪೋ," ಎಂದಳು ಹಲ್ಲು ಕಚ್ಚಿ. "ನೋಡ್ತಾ ಕೂತಿದೀರಾ?"

"ನೀನು ಕಾಲುವೆಯವಳಲ್ಲ ಮಗಳೇ," ಎಂದ ಗೌದೆನ್ಸಿಯೋ. ದನಿಯಲ್ಲಿ ಕನಿಕರವಿತ್ತು. "ಕಾಲುವೆ ನಿನ್ನನ್ನ ಶಿಕ್ಷಿಸೋ ಹಾಗಿಲ್ಲ. ಕಾಪಾಡೋ ಹಾಗೂ ಇಲ್ಲ."

ಸತುರ್ನೀನೋ ಸಲಿಕೆ ಬಿಸಾಡಿದ. ಮಂಡಿಯೂರಿ ಎರಡೂ ಕೈಯಿಂದ ಕೆಸರು ಬಾಚಿ ಅವಳ ತೊಡೆಗೂ ಗೋಡೆಗೂ ನಡುವೆ ತುಂಬತೊಡಗಿದ, ಅವಳನ್ನೇ ಸೇರಿಸಿ ತೂಬು ಮುಚ್ಚುವವನಂತೆ. ಅವನು ಕೈಬಿಟ್ಟ ಕಿವಿ ಕೆನ್ನೆಗೆ ಬಡಿಯುತ್ತ, ಅದರ ರಕ್ತ ಅವಳ ಮೊಣಕಾಲಿಗೆ ಬೀಳುತ್ತಿತ್ತು. ಅವನು ಅಳುತ್ತಿದ್ದ. "ನನ್ನ ಸಸಿ," ಎನ್ನುತ್ತಿದ್ದ. "ಹೊಸ ನೆಲ. ಮೊನ್ನೆ ನೆಟ್ಟಿದ್ದು." ಅವಳು ಸರಿಯಿದ್ದ ಕೈಯಿಂದ ಕೆಸರನ್ನು ಬಾಚಿ ಹೊರಗೆಸೆದಳು. ಅವನು ತುಂಬಿದ. ಅವಳು ಎಸೆದಳು. ಅವನು ಆ ಕೈಯ ಬೆರಳುಗಳನ್ನು ಹಿಂದಕ್ಕೆ ಮಡಿಸಿದ. ಅವಳು ಹಿಮ್ಮಡಿಯಿಂದ ಅವನ ಹರಿದ ಕಿವಿಗೆ ಒದ್ದಳು. ಅವನು ಹಿಂದಕ್ಕೆ ಮಗುಚಿ, ಮುಖ ಮುಚ್ಚಿಕೊಂಡು ದಂಡೆಯ ಮೇಲೆ ಹೊರಳಿದ.

ಕಣ್ಣು ಕತ್ತಲಿಟ್ಟು ಮತ್ತೆ ಬೆಳಕಾಯಿತು. ಕತ್ತು ತಿರುಗಿಸಿ ಪ್ರಿಮಿತೀವೋನನ್ನು ಹುಡುಕಿದಳು. ಅವನು ಗದ್ದೆಯ ಆಚೆ ಬದಿಯಲ್ಲಿ, ತೂಬಿನಿಂದ ಆದಷ್ಟು ದೂರ ನಿಂತಿದ್ದ. ಎರಡೂ ಕೈ ತಲೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಆ ಕೈಗಳು ಯಾವುದನ್ನೂ ಮುಟ್ಟಿಲ್ಲ ಎಂಬುದಕ್ಕೆ ಅಪೋ ಸಾಕ್ಷಿ. ಅವನು ಅವಳನ್ನು ನೋಡುತ್ತಿರಲಿಲ್ಲ. ಬಿರುಕುಗಳು ಒಂದೊಂದಾಗಿ ನೀರು ಕುಡಿದು ಗುಳುಗುಳು ಎನ್ನುತ್ತಿದ್ದವು. ಅವನು ಅದನ್ನೇ ನೋಡುತ್ತಿದ್ದ.

ಸತುರ್ನೀನೋ ಎದ್ದು ಕೂತ. ತಡಕಾಡಿ ಸಲಿಕೆ ಹಿಡಿದ. ಈ ಸಲ ಕಾವನ್ನಲ್ಲ, ಅಲಗನ್ನು ಮುಂದೆ ಮಾಡಿ ಹಿಡಿದ.

"ಇನ್ನೊಂದು ಸ್ವಲ್ಪ ಹೊತ್ತು, ಅದಿಂಗ್," ಎಂದು ಕೂಗಿದ ಪ್ರಿಮಿತೀವೋ, ನಿಂತಲ್ಲಿಂದಲೇ. "ಈ ಮೂಲೆ ಇನ್ನೂ ನೆಂದಿಲ್ಲ."

ಕ್ರಿಸಾಂತಾ ಗೋಡೆಗೆ ಕಾಲನ್ನು ಇನ್ನಷ್ಟು ಬಲವಾಗಿ ಒತ್ತಿದಳು.