ಹುಬ್ಬಿನ ಅಪ್ಪಣೆ

ಎತ್ತಿತಾ ಇಲ್ಲವಾ ಆ ಹುಬ್ಬು, ಎಡಗಡೆಯದು, ತುದಿಯಲ್ಲಿ ಸಣ್ಣಗೆ ತೀಡಿದ್ದು, ವಿನಯ್ ಮಾತಾಡುವಾಗ ಒಂಚೂರು ಮೇಲೆ ಹೋದಂತಿತ್ತು, ಅಥವಾ ಕಿಟಕಿಯಾಚೆ ರೈಲು ಹೋದದ್ದಕ್ಕಿರಬೇಕು, ರೈಲು ಹೋದರೆ ಈ ಮನೆಯಲ್ಲಿ ನೀರಿನ ಲೋಟವೂ ನಡುಗುತ್ತದೆ — ಕೀರ್ತನ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಅರ್ಚನಾ ಮೇಡಮ್ಮಿನ ಹುಬ್ಬನ್ನೇ ಕಾಯುತ್ತಿದ್ದಾಳೆ. ಬೆಂಚಿಲ್ಲ, ಬೋರ್ಡಿಲ್ಲ, ಪರೀಕ್ಷೆಯಿಲ್ಲ, ಶ್ರೀರಂಗಪಟ್ಟಣದ ಈ ಬಾಡಿಗೆ ಮನೆಯಲ್ಲಿ ಒಂದು ವರ್ಷ ನಿಮಗೆ ನೀವೇ ಮೇಷ್ಟ್ರು, ನಿಮ್ಮದೇ ಒಂದು ಪ್ರಶ್ನೆ ಹಿಡಿಯಿರಿ, ಅದರ ಹಿಂದೆ ಹೋಗಿ, ಅದೇ ಓದು ಅಂತ ಬೆಳಿಗ್ಗೆಯಿಂದ ಮೇಡಂ ಬುದ್ಧಿ ಹೇಳುತ್ತಿದ್ದಾರೆ. ಪಾಠ ಏಳ್ಕೊಡಲ್ಲ ಅಂದ್ರೆ ಮೇಷ್ಟ್ರು ಯಾತಕ್ಕವ್ರೆ ಅಲ್ಲಿ, ಎಂದಿದ್ದ ಅಪ್ಪ ಕ್ಯಾತನಹಳ್ಳಿಯಲ್ಲಿ ಬಸ್ಸು ಹತ್ತಿಸುತ್ತ, ಒಂದೇ ವರ್ಷ ಕಣವ್ವಾ, ಆಮೇಲೆ ಎಲ್ಲಾರ ಮಕ್ಕಳಂಗೆ ಗಾರ್ಮೆಂಟ್ಸು, ಅದಕ್ಕೆ ಒಪ್ಪಿ ಹೋಗು — ಒಪ್ಪಿ ಬಂದಿದ್ದಾಳೆ, ಒಂದು ವರ್ಷ, ಅದು ಕೈಜಾರಿದರೆ ಇನ್ನೊಂದನ್ನು ಕೊಡುವವರಿಲ್ಲ. ಯಾರನ್ನೂ ಮೆಚ್ಚಿಸೋಕೆ ಪ್ರಶ್ನೆ ಆರಿಸಬೇಡಿ, ಅನ್ನುತ್ತಿದ್ದಾರೆ ಮೇಡಂ, ಗೊತ್ತಿಲ್ಲ ಅನ್ನೋಕೆ ನಾಚಬೇಡಿ, ಸಣ್ಣದರಿಂದ ಶುರುಮಾಡಿ, ಕೆಟ್ಟರೆ ಕೆಟ್ಟದ್ದನ್ನೇ ತಂದು ತೋರಿಸಿ, ಇಲ್ಲಿ ಸರಿ ಉತ್ತರ ಅಂತ ಒಂದಿಲ್ಲ. ಇಲ್ಲವಂತೆ. ಇಲ್ಲ ಅನ್ನುವವರ ಹತ್ತಿರವೇ ಅದು ಇರುತ್ತದೆ, ಡೌಟಿದ್ದರೆ ಕೇಳಿ ಅಂತ ಕಾಲೇಜಿನಲ್ಲೂ ಹೇಳಿದ್ದರು, ಕೇಳಿದ್ದಳು, ಇಷ್ಟೂ ಗೊತ್ತಿಲ್ವೇನಮ್ಮ ಅಂದಿದ್ದರು, ಆವತ್ತಿನಿಂದ ಕೇಳುವ ಮೊದಲು ಮುಖ ನೋಡುವುದು, ಮುಖ ನೋಡುವುದನ್ನು ಅವಳಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಅವಳ ಅಪ್ಪ ಲಕ್ಷ್ಮಣಾಚಾರಿ ಕುಲುಮೆ ಮುಂದೆ ಬಾಯಿ ಬಿಡುವವನಲ್ಲ, ಸುತ್ತಿಗೆ ಸದ್ದಿನಲ್ಲಿ ಮಾತು ಯಾರಿಗೆ ಕೇಳಬೇಕು, ಹುಬ್ಬು ಎತ್ತಿದರೆ ಇವಳು ಚಕ್ರ ಜೋರಾಗಿ ತಿರುಗಿಸಿ ಕೆಂಡಕ್ಕೆ ಗಾಳಿ ಊದಬೇಕು, ಇಳಿಸಿದರೆ ನಿಲ್ಲಿಸಬೇಕು, ಕುಡುಗೋಲು ಸುಟ್ಟು ಹಾಳಾದರೆ ಹುಬ್ಬು ಓದಲಾರದವಳದೇ ತಪ್ಪು. ಎಂಟನೇ ಕ್ಲಾಸಿನಿಂದ ಅವಳು ಓದಿರುವುದು ಅದನ್ನೇ.

ಕೋಟೆಯ ನೆಲಮಾಳಿಗೆಯ ಬಾವಲಿಗಳು, ಅಂದ ವಿನಯ್, ದೇವಸ್ಥಾನದ ಅರ್ಚಕರು ಶ್ರೀನಿವಾಸಮೂರ್ತಿಗಳ ಮಗ, ಕತ್ತಲಲ್ಲಿ ಒಂದಕ್ಕೊಂದು ಹೇಗೆ ಡಿಕ್ಕಿ ಹೊಡೆಯಲ್ಲ ಅಂತ ನೋಡಬೇಕು. ಚೆನ್ನಾಗಿದೆ ಅಂದರು ಮೇಡಂ, ಮುಂದೆ ಕೀರ್ತನ. ಅವಳ ಬಾಯಿಯ ತುದಿಯಲ್ಲಿತ್ತು ಅದು, ಹೋದ ಬೇಸಗೆ ಅವ್ವನ ಜೊತೆ ಹೊಳೆಗೆ ಇಳಿದಾಗ ಮಾರು ದೂರದಲ್ಲಿ ಎದ್ದ ಕಪ್ಪು ತಲೆ, ಒದ್ದೆ ಮೀಸೆ, ಬಾಯಲ್ಲಿ ಒದ್ದಾಡುವ ಮೀನು, ನೀರುನಾಯಿ, ಇವಳನ್ನೇ ನೋಡಿ ಮುಳುಗಿತು, ಸೇತುವೆ ಮೇಲೆ ಇಷ್ಟು ಲಾರಿ, ದಡದಲ್ಲಿ ಇಷ್ಟು ಬಟ್ಟೆ ಒಗೆಯುವವರು, ಇದು ಮರಿಗಳನ್ನು ಎಲ್ಲಿ ಬಚ್ಚಿಟ್ಟಿದೆ — ನೀರು ಅಂತ ಬಾಯಿ ತೆರೆದಳು, ಹುಬ್ಬು ಅಲುಗಲಿಲ್ಲ. ನೀನು ಆಚಾರ್ರ ಮನೆಯವಳಲ್ವಾ, ಕುಲುಮೆ ಇದೆಯಾ ಮನೇಲಿ, ಅಂದರು ಮೇಡಂ, ಆಗ ಎತ್ತಿತು. ಕೈ ತಾನಾಗಿ ಚಕ್ರ ಹಿಡಿದಂತೆ ಅವಳ ನಾಲಿಗೆ ಊದತೊಡಗಿತು, ಹೌದು ಮೇಡಂ ಕುಲುಮೆ, ಕುಲುಮೆ ಬಗ್ಗೇನೇ, ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಹಾಕ್ತಾರೆ, ಅಮಾವಾಸ್ಯೆ ದಿನ ಯಾಕೆ ಬೆಂಕಿ ಹಚ್ಚಲ್ಲ, ಹುಬ್ಬು ಮೇಲೆ, ಇನ್ನೂ ಮೇಲೆ, ಊದಿದಳು, ಚಪ್ಪಾಳೆ ಬಿತ್ತು. ಹಳದಿ ಚೀಟಿಯಲ್ಲಿ ಕೀರ್ತನ, ಕುಲುಮೆ ಅಂತ ಬರೆದು ಗೋಡೆಗೆ ಚುಚ್ಚಿದರು, ಎಷ್ಟು ಸಹಜ ನೋಡಿ, ನಿನ್ನ ರಕ್ತದಲ್ಲೇ ಇದೆ.

ರಕ್ತದಲ್ಲಿ. ಟೀ ಕೊಡುವಾಗ ವಿನಯ್ ಪಕ್ಕಕ್ಕೆ ಬಂದ, ನಮ್ಮಮ್ಮನ ಈಳಿಗೆಮಣೆ ಮೊಂಡಾಗಿದೆ ಕಣೇ, ನಿನ್ ಪ್ರಾಜೆಕ್ಟಿಗೆ ತಗೋತೀಯಾ, ಎಲ್ಲರೂ ನಕ್ಕರು, ಅವಳೂ ನಕ್ಕಳು, ತತ್ತಾ ಮತ್ತೆ, ಅಂದಳು, ಅಂಗೇ ನಿಮ್ಮಪ್ಪನ ತಟ್ಟೇನೂ ತಗಬಾ, ನಿನ್ ಬಾವಲಿಗೆ ಮಂಗಳಾರತಿ ಎತ್ತೀವಂತೆ. ಯಾರೂ ನಗಲಿಲ್ಲ. ಅದು ಹೇಗೆ, ಈಳಿಗೆಮಣೆಗೆ ನಗು ಬರುತ್ತದೆ, ತಟ್ಟೆಗೆ ಬರುವುದಿಲ್ಲ, ಅವನ ರಕ್ತದಲ್ಲಿ ಗಂಟೆ ಇದೆಯಾ ಎಂದು ಮೇಡಂ ಕೇಳಲಿಲ್ಲ, ಅವನಿಗೆ ಇಡೀ ಊರಿನ ಕತ್ತಲನ್ನೇ ಬಿಟ್ಟುಕೊಟ್ಟರು, ಇವಳಿಗೆ ಇವಳ ಮನೆಯ ಜಗಲಿಯನ್ನೇ ತಿರುಗಿ ಕೊಟ್ಟು ಆರಿಸಿಕೊಂಡೆಯಲ್ಲ ಅಂದರು, ಯಾರ ಹುಬ್ಬಿಗೋ ಒಂದು ವರ್ಷ ಗಾಳಿ ಊದಿ ಆಮೇಲೆ ಗಾರ್ಮೆಂಟ್ಸಿನ ಬಸ್ಸು. ಅಥವಾ ಮೇಡಮ್ಮಿಗೆ ತಮ್ಮ ಹುಬ್ಬು ಏನು ಮಾಡುತ್ತದೆ ಎಂದೇ ಗೊತ್ತಿಲ್ಲವೇನೋ, ಒಳ್ಳೆಯವರೇ ಇರಬಹುದು, ಒಳ್ಳೆಯವರದೇ ಹೆಚ್ಚು ಭಯ, ಅವರ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಅಥವಾ ಇದೂ ಪರೀಕ್ಷೆಯಾ, ಚೀಟಿ ಕಿತ್ತರೆ ಶಭಾಷ್ ಅಂತಾರಾ, ಕಿತ್ತದ್ದೂ ಅವರು ಕಾಯುತ್ತಿದ್ದ ಉತ್ತರವೇ ಆಗಿಬಿಟ್ಟರೆ, ಆಗಲಿ, ಏನಾದರೂ ಆಗಲಿ, ಲೋಟ ಕೆಳಗಿಟ್ಟಳು, ಎದ್ದಳು, ಚಾಪೆ ದಾಟಿದಳು, ಚೀಟಿ ಹರಿಯದ ಹಾಗೆ ಗುಂಡುಸೂಜಿ ಕಿತ್ತಳು. ಮೇಡಂ, ಇದು ನನ್ ಪ್ರಶ್ನೆ ಅಲ್ಲ, ನಿಮ್ ಹುಬ್ಬು ನೋಡ್ಕಂಡು ಏಳ್ಬುಟ್ಟೆ. ನೀರುನಾಯಿ ಮರಿಗಳ್ನ ಎಲ್ಲಿ ಮಡಗ್ತದೆ ಅಂತ ನಾನು ನೋಡ್ಬೇಕು. ಹೇಳಿಯೂ ಕಣ್ಣು ತೆಗೆಯಲಾಗಲಿಲ್ಲ, ಅಭ್ಯಾಸ, ನೋಡಿದಳು, ಮೇಡಮ್ಮಿನ ಕೈ ಹಣೆಯತ್ತ ಹೊರಟು ನಡುವೆಯೇ ನಿಂತಿತು, ಊದು ಅಂತಲೂ ಅಲ್ಲ, ನಿಲ್ಲಿಸು ಅಂತಲೂ ಅಲ್ಲ, ಯಾವ ಅಪ್ಪಣೆಯೂ ಇಲ್ಲದೆ, ಅರ್ಧಕ್ಕೆ ಎದ್ದು, ಅರ್ಧದಲ್ಲೇ, ಎಡಗಡೆಯದು, ಹುಬ್ಬು