ಹುಳುಮನೆಯ ತಣ್ಣೀರು

ಮೊಲೆಹಾಲಿನ ಮಾತನ್ನು ಹತ್ತು ಜನರ ಮುಂದೆ ಎತ್ತುತ್ತಿದ್ದೇನೆ, ತಪ್ಪಾದರೆ ಮನ್ನಿಸಬೇಕು. ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆ ಅನುಮಾನ ಇನ್ನೂ ಹೋಗಿಲ್ಲ. ಆದರೂ ಅಂಜಿನಮ್ಮನ ಕತೆಯನ್ನು ಬೇರೆ ಯಾರೂ ಹೇಳಲಿಲ್ಲ.

ಯುದ್ಧದ ಕಾಲ. ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕಂತೆ ಎಂಬ ಸುದ್ದಿ ಹಬ್ಬಿ, ಉದ್ದನಪಲ್ಲಿಯ ಕಡೆ ರೇಷ್ಮೆಹುಳು ಸಾಕುವವರಿಗೆ ಬಿಡುವೇ ಇರಲಿಲ್ಲ. ಅಂಜಿನಮ್ಮನ ಗಂಡ ಕದಿರಪ್ಪ ಬಿದಿರು ಕಡಿಯಲು ಅಂಚೆಟ್ಟಿ ಕಾಡಿಗೆ ಹೋದವನು ಬರುವ ಸುಳಿವಿರಲಿಲ್ಲ. ಮನೆಯಲ್ಲಿ ರಾಗಿ ತಳ ಕಂಡಿತ್ತು. ಅವಳು ಎಳೆಗೂಸನ್ನು ಅತ್ತೆ ದೊಡ್ಡಮುನಿಯಮ್ಮನ ಮಡಿಲಿಗೆ ಹಾಕಿ, ಆದಿಲಕ್ಷ್ಮಮ್ಮನ ಹುಳುಮನೆಯಲ್ಲಿ ಸೊಪ್ಪು ಹಾಕುವ ಕೆಲಸಕ್ಕೆ ಸೇರಿದಳು. ಕೂಲಿಗೆ ರಾಗಿ.

ಹುಳುಮನೆಗೆ ಒಂದು ಕಟ್ಟಳೆ. ಹಾಲೂಡಿಸಿದ ಹೆಂಗಸು ತಲೆಗೆ ನೀರು ಹುಯ್ದುಕೊಳ್ಳದೆ ಒಳಗೆ ಕಾಲಿಡಬಾರದು; ಮೈಲಿಗೆಗೆ ಹುಳು ಸಾಯುತ್ತದೆ. ನೀರು ಕಾಯಿಸೋಣವೆಂದರೆ ಹೊಗೆ ಆಗದು, ಅದಕ್ಕೂ ಹುಳು ಸಾಯುತ್ತದೆ. ಧನುರ್ಮಾಸದ ಚಳಿಯಲ್ಲಿ ಬಾವಿಯ ನೀರೇ ಗತಿ. ಮಧ್ಯಾಹ್ನ ಅತ್ತೆ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಅಂಜಿನಮ್ಮ ಬೇಲಿಯ ಹೊರಗೆ ಕೂತು ಹಾಲೂಡಿಸಿ, ಮಿಂದು, ನಡುಗುತ್ತಾ ಒಳಗೆ ಹೋಗುತ್ತಿದ್ದಳು.

ಕೂಸಿಗೆ ಕೆಮ್ಮು ಹಿಡಿಯಿತು.

"ತಣ್ಣೀರು ಹುಯ್ಕಂಡ ಮೈಯಾಗೆ ಹಾಲೂ ತಣ್ಣಗಾಯ್ತದೆ ಕಣೇ. ಸಂಜೆ ಅದನ್ನೇ ಕೂಸಿಗೆ ಕುಡಿಸ್ತೀಯ," ಎಂದಳು ಅತ್ತೆ. "ಇನ್ನೊಂದು ದಿನ ಮಿಂದ್ಯೋ, ಮಗೀನ ಇಲ್ಲೀಗಂಟ ತರಾಕಿಲ್ಲ. ಗಂಜಿ ಕುಡಿಸ್ತೀನಿ."

"ಮೀಯದಿದ್ರೆ ಹುಳುಮನೆ ಅಕ್ಕಯ್ಯ ಒಳೀಕ್ ಬಿಡಾಕಿಲ್ಲ ಅತ್ತೆ."

"ಹಂಗಾರೆ ಹುಳಕ್ಕೇ ಮೊಲೆ ಕೊಡೋಗು!"

ಸೊಪ್ಪು ಹಾಸುವಾಗಲೂ ಆ ಮಾತು ಚುಚ್ಚುತ್ತಿತ್ತು. ಹುಳುಗಳು ಕೊನೆಯ ಪೊರೆ ಕಳಚಿ ಎದ್ದಿದ್ದವು. ಹಸಿವೋ ಹಸಿವು. ಒಂದು ತಟ್ಟೆಗೆ ಹಾಸಿ ತಿರುಗುವಷ್ಟರಲ್ಲಿ ಇನ್ನೊಂದರಲ್ಲಿ ಬರೀ ಕಡ್ಡಿ. ಎಲ್ಲರೂ ಒಟ್ಟಿಗೇ ಬಾಯಿ ತೆರೆದರೆ ತಾನೊಬ್ಬಳು ಎಲ್ಲಿಗೆಂದು ಓಡುವುದು? ಹುಳುವಿನ ಮೇಲೆ ಸಿಟ್ಟು, ಅತ್ತೆಯ ಮೇಲೆ ಸಿಟ್ಟು, ಕೆಮ್ಮುವ ಕೂಸಿನ ಮೇಲೂ ಒಂದು ಗಳಿಗೆ ಸಿಟ್ಟು ಬಂದು, ಅದಕ್ಕಾಗಿ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಹಾಲೂಡಿಸಿದವಳು ಮೀಯಲಿಲ್ಲ. ಅಂಗೈಯಲ್ಲಿ ನೀರು ತೆಗೆದು ಕೂದಲನ್ನಷ್ಟೇ ಒದ್ದೆ ಮಾಡಿಕೊಂಡಳು, ಸೆರಗಿನ ತುದಿ ಅದ್ದಿ ಹಿಂಡಿದಳು. ಆದಿಲಕ್ಷ್ಮಮ್ಮ ತಲೆ ನೋಡಿ ಒಳಗೆ ಬಿಟ್ಟಳು. ಸಂಜೆ ಅತ್ತೆ ರವಿಕೆ ಮುಟ್ಟಿ ನೋಡಿ, ತೇವ ಹತ್ತಿಲ್ಲವೆಂದು ಸಮಾಧಾನಪಟ್ಟಳು. ಹೀಗೇ ಕೆಲವು ದಿನ ನಡೆಯಿತು. ಕೂಸಿನ ಕೆಮ್ಮು ಇಳಿಯುತ್ತಾ ಬಂತು.

ಹುಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ, ಅಂಜಿನಮ್ಮ ನೋಡಿಕೊಳ್ಳುತ್ತಿದ್ದ ತಟ್ಟೆಗಳಲ್ಲಿ ಅವು ಊದಿಕೊಂಡು, ಮೈಯೊಡೆದು, ಹಾಲಿನಂಥ ನೀರು ಸೋರಿಸತೊಡಗಿದವು. ಆ ಬಿಳಿ ಅವಳಿಗೆ ತನ್ನ ಮೊಲೆಹಾಲಿನಂತೆಯೇ ಕಂಡಿತು.

ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. "ದಿನಾ ಮಿಂದೇ ಬತ್ತಿದ್ಯಾ? ದೇವ್ರಾಣೆ ಮಾಡಿ ಹೇಳು."

ಹೂಂ ಎನ್ನಲು ಬಾಯಿ ತೆರೆದಳು. ಬಂದದ್ದೇ ಬೇರೆ.

"ಇಲ್ಲ ಅಕ್ಕಯ್ಯಾ, ಮೀಯಲಿಲ್ಲ! ಮಿಂದ್ರೆ ಕೂಸಿಗೆ ಕೆಮ್ಮು, ಮೀಯದಿದ್ರೆ ನಿಮ್ ಹುಳಕ್ಕೆ ಮೈಲಿಗೆ. ನೀವೂ ನಮ್ಮತ್ತೇನೂ ಸೇರ್ಕಂಡು ನನ್ನ ಆ ಬಾವಿಗೇ ನೂಕ್ಬುಡಿ, ಇಬ್ರಿಗೂ ನೆಮ್ಮದಿ!"

ಆದಿಲಕ್ಷ್ಮಮ್ಮ ಬಯ್ಯಲಿಲ್ಲ. ತಟ್ಟೆಯನ್ನೇ ನೋಡುತ್ತಾ, "ಒದ್ದೆ ಸೊಪ್ಪು ತಿಂದ್ರೂ ಹುಳ ಹಿಂಗೇ ಆಯ್ತದೆ. ಇಬ್ಬನಿ ಆರದ ಸೊಪ್ಪನ್ನ ಹಾಕು ಹಾಕು ಅಂತ ಅವಸರ ಮಾಡ್ದೋಳು ನಾನೇ," ಎಂದು ಗೊಣಗಿದಳು. ಮರುಕ್ಷಣ ದನಿ ಗಟ್ಟಿ ಮಾಡಿಕೊಂಡಳು. "ಆದ್ರೂ ನಾಳೆಯಿಂದ ಬರ್ಬ್ಯಾಡ ನೀನು. ಕೇಳಿದೋರಿಗೆ ನಾನೇನಂತ ಹೇಳ್ಲಿ?"

ಮನೆಯಲ್ಲಿ ಅತ್ತೆ ಕೂಸನ್ನು ಅವಳ ಮಡಿಲಿಗೆ ಹಾಕಿ ಬೀಗಿದಳು. "ನೋಡು, ಕೆಮ್ಮು ನಿಂತೇ ಹೋಯ್ತು. ನಾ ಹೇಳಿರ್ಲಿಲ್ವಾ?"

"ಹೇಳಿದ್ದಿ ಅತ್ತೆ. ನಾಳೆ ಹಿಟ್ಟಿಗೆ ಏನ್ಮಾಡಾನ, ಅದನ್ನೂ ಹೇಳು."

ದೊಡ್ಡಮುನಿಯಮ್ಮ ಒಲೆಯ ಕಡೆ ತಿರುಗಿ ಕೂತಳು. ಕೂಸು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು.

ಹುಳು ಸತ್ತದ್ದು ಒದ್ದೆ ಸೊಪ್ಪಿನಿಂದಲೋ ತನ್ನಿಂದಲೋ, ಅಂಜಿನಮ್ಮನಿಗೆ ಕೊನೆಗೂ ತಿಳಿಯಲಿಲ್ಲ. ಅವಳು ಮಿಂದಿದ್ದರೂ ಕೆಮ್ಮು ತಾನಾಗಿ ಹೋಗುತ್ತಿತ್ತೋ ಏನೋ. ನನಗೂ ಗೊತ್ತಿಲ್ಲ.